ಮೆಲುಕು ಹಾಕುವುದೂ ತೂಗಿ ನೋಡುವುದೂ

ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರಿಗೆ ಮಾತಿನಲ್ಲಿ ತೊಂದರೆಯಿಲ್ಲ. ‘ಯೋಚನೆ ಮಾಡಿ ಹೇಳ್ತೀನಿ ಸಾರ್’ ಅಂದರೆ ಮುಗಿಯಿತು. ಅದನ್ನೇ ಇಂಗ್ಲಿಷಿನಲ್ಲಿ ಮೇಲ್ ಮಾಡಲು ಕೂತಾಗ ಬರೀ ‘ಥಿಂಕ್’ ಸಪ್ಪೆ ಅನ್ನಿಸುತ್ತದೆ. ಫೋನಿನಲ್ಲಿ ಹುಡುಕಿದರೆ ಪಾಂಡರ್, ಕಾಂಟೆಂಪ್ಲೇಟ್, ಮೆಡಿಟೇಟ್, ಬ್ರೂಡ್, ರೂಮಿನೇಟ್ ಎಲ್ಲವೂ ಸಾಲಾಗಿ ಬಂದು ನಿಲ್ಲುತ್ತವೆ. ನಿಘಂಟಿನಲ್ಲಿ ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ. ಆದರೆ ರಾಜೀನಾಮೆಯ ವಿಷಯ ‘ಪಾಂಡರ್’ ಮಾಡುತ್ತಿದ್ದೇನೆ ಎಂದರೆ ಲೆಕ್ಕಾಚಾರ ಇನ್ನೂ ನಡೆದಿದೆ ಎಂದು. ‘ಕಾಂಟೆಂಪ್ಲೇಟ್’ ಎಂದರೆ ಮನಸ್ಸು ಆಗಲೇ ಅರ್ಧ ಗೇಟು ದಾಟಿದೆ ಎಂದು. ಎರಡನೆಯದನ್ನು ಓದಿದ ಎಚ್‌ಆರ್‌ನವರು ಬೇರೆ ಆಳು ಹುಡುಕಲು ಶುರು ಮಾಡಿಯಾರು.

ಪಾಂಡರ್ ಹುಟ್ಟಿದ್ದು ಲ್ಯಾಟಿನ್ನಿನ ತೂಕದಿಂದ. ಹಳೇ ಕಾಲದ ಪೌಂಡು ಅದರ ದಾಯಾದಿ. ನಮ್ಮ ‘ಅಳೆದೂ ತೂಗಿ’ ಇದರ ಪಕ್ಕದಲ್ಲೇ ಕೂರುವ ಮಾತು. ಕೋಲಾರದ ಟೊಮೇಟೊ ಮಂಡಿ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾಂಟೆಂಪ್ಲೇಟ್‌ನ ಒಳಗಿರುವುದು ‘ಟೆಂಪ್ಲಂ’. ರೋಮಿನ ಶಕುನದವರು ಹಕ್ಕಿ ಹಾರುವುದನ್ನು ನೋಡಲು ಗುರುತು ಮಾಡಿಕೊಳ್ಳುತ್ತಿದ್ದ ಜಾಗ ಅದು. ಬ್ರೂಡ್ ಕಾವಿಗೆ ಕೂತ ಕೋಳಿಯದು, ಮೇಲೇಳುವುದೇ ಇಲ್ಲ. ಮೆಡಿಟೇಟ್ ಈಗ ಪೂರ್ತಿ ಧ್ಯಾನದ ಪಾಲಾಗಿದೆ, ಆಫೀಸಿಗೆ ತರದಿದ್ದರೇ ವಾಸಿ.

ಮಜಾ ಇರುವುದು ರೂಮಿನೇಟ್‌ನಲ್ಲಿ. ಅದು ಹಸುವಿನ ಮೊದಲ ಹೊಟ್ಟೆಯ ಹೆಸರಿನಿಂದ ಬಂದದ್ದು, ಅಂದರೆ ನೇರವಾಗಿ ನಮ್ಮ ‘ಮೆಲುಕು’. ಕೋಲಾರ ಜಿಲ್ಲೆಯಲ್ಲಿ ಬೋರ್‌ವೆಲ್ ಬತ್ತಿದ ವರ್ಷಗಳಲ್ಲೂ ಎಷ್ಟೋ ಮನೆಗಳನ್ನು ನಡೆಸಿದ್ದು ಡೇರಿಗೆ ಹಾಕುವ ಹಾಲು. ಹಸು ಮಂಕಾಯಿತೆಂದು ಡಾಕ್ಟರಿಗೆ ಫೋನ್ ಮಾಡಿದರೆ ಅವರು ಕೇಳುವ ಪ್ರಶ್ನೆಗಳಲ್ಲಿ ಒಂದು, ‘ಮೆಲುಕು ಹಾಕ್ತಾ ಇದೆಯಾ?’ ಚೆನ್ನಾಗಿರುವ ಹಸು ದಿನಕ್ಕೆ ಆರೇಳು ಗಂಟೆ ಮೆಲುಕಿಗೇ ಕೊಡುತ್ತದೆ. ರಾಗಿಹುಲ್ಲು ತಿಂದು ಮಲಗಿದ ಹಸುವಿನ ಕುತ್ತಿಗೆ ನೋಡಿ: ಒಂದು ಉಂಡೆ ಗಂಟಲಲ್ಲಿ ಮೇಲೇರುತ್ತದೆ, ದವಡೆ ಅಡ್ಡಡ್ಡ ಆಡುತ್ತದೆ, ನುಂಗುತ್ತದೆ, ಚಣ ಬಿಟ್ಟು ಇನ್ನೊಂದು. ಮೆಲುಕು ನಿಂತಿತೆಂದರೆ ಮನೆಯವರಿಗೆ ಗಾಬರಿ. ಈ ಸೀಮೆಯಲ್ಲಿ ಮನೆಮಾತು ತೆಲುಗಾಗಿರುವವರೂ ಬೇಕಾದಷ್ಟು. ಅವರ ‘ನೆಮರು’ ಕೂಡ ಹಸುವಿನಿಂದಲೇ ನೆನಪಿಗೆ ದಾಟಿದ ಮಾತು.

ಹಸು ಒಂದೇ ಆದರೂ ಮಾತುಗಳು ಬೇರೆ ಬೇರೆ ದಾರಿ ಹಿಡಿದಿವೆ. ಕನ್ನಡದಲ್ಲಿ ಮೆಲುಕು ಹಾಕುವುದು ಸಾಮಾನ್ಯವಾಗಿ ಸಿಹಿ ನೆನಪನ್ನು: ಶಾಲೆಯ ದಿನ, ಶ್ರೀನಿವಾಸಪುರದ ತೋಪಿನ ಮಾವು. ಇಂಗ್ಲಿಷಿನ ಮನಶ್ಶಾಸ್ತ್ರಜ್ಞರು ‘ರೂಮಿನೇಷನ್’ ಎಂದು ಕರೆಯುವುದು ಆದ ನೋವನ್ನೇ ಮತ್ತೆ ಮತ್ತೆ ಅಗಿಯುತ್ತ ಖಿನ್ನತೆಗೆ ಜಾರುವ ಚಾಳಿಯನ್ನು. ಅದು ನಮ್ಮ ‘ಕೊರಗು’. ಕಾಲೇಜಿನ ದಿನಗಳನ್ನು ‘ರೂಮಿನೇಟ್’ ಮಾಡುತ್ತಿದ್ದೇನೆ ಎಂದು ಹಳೆಯ ಮೇಷ್ಟರಿಗೆ ಬರೆದರೆ ಅವರು ಗಾಬರಿಯಿಂದ ಫೋನ್ ಮಾಡಿದರೂ ಮಾಡಬಹುದು. ಕನ್ನಡವೂ ಇಂಥ ಕಡೆ ಕಡಿಮೆಯೇನಲ್ಲ. ‘ಚಿಂತೆ’ಗೆ ಒಂದಕ್ಷರ ಸೇರಿಸಿ ‘ಚಿಂತನೆ’ ಮಾಡಿದರೆ ಅದೇ ಮನುಷ್ಯ ವೇದಿಕೆ ಹತ್ತಿ ಶಾಲು ಹೊದ್ದಿರುತ್ತಾನೆ!

ಈ ಪದಗಳನ್ನು ನಮ್ಮ ಜಿಲ್ಲೆಯ ಇಬ್ಬರು ಹಿರಿಯ ಲೇಖಕರ ಮೇಲಿಟ್ಟು ನೋಡಬೇಕೆನ್ನಿಸುತ್ತದೆ. ಮಾಲೂರು ತಾಲೂಕಿನ ಮಾಸ್ತಿಯವರ ಎಷ್ಟೋ ಕತೆಗಳು ಯಾರೋ ಹೇಳಿದ್ದನ್ನು, ಎಂದೋ ಕೇಳಿದ್ದನ್ನು ಆತುರವಿಲ್ಲದೆ ಮತ್ತೆ ಬಾಯಿಗೆ ತಂದುಕೊಂಡಂಥವು. ಅದು ಕನ್ನಡದ ಮೆಲುಕು, ಇಂಗ್ಲಿಷಿನದಲ್ಲ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿಯವರದು ತೂಗುವ ಮನಸ್ಸು. ವಿಧಿಯ ಮಾತೆತ್ತಿದರೆ ಪೌರುಷವನ್ನೂ ತಕ್ಕಡಿಗೆ ಹಾಕುತ್ತಾರೆ, ಎಷ್ಟೋ ಸಲ ತೀರ್ಪು ಕೊಡದೆ ಓದುಗನಿಗೇ ಬಿಡುತ್ತಾರೆ. ಪಾಂಡರ್ ಅವರಿಗೆ ಸಲ್ಲುತ್ತದೆ. ಆದರೆ 1943ರಲ್ಲಿ ಬಂದ ತಮ್ಮ 945 ಪದ್ಯಗಳಿಗೆ ಅವರು ಚಿಂತನೆ ಎಂದಾಗಲಿ ದರ್ಶನ ಎಂದಾಗಲಿ ಹೆಸರಿಡಲಿಲ್ಲ. ಕಗ್ಗ ಎಂದರು, ಒರಟೊರಟು, ಉದ್ದುದ್ದದ ಮಾತು ಎಂಬ ಹಾಗೆ. ಅದೂ ಒಬ್ಬ ಮಂಕುತಿಮ್ಮನದು. ಇಂಗ್ಲಿಷಿನ ಆ ಸಾಲಿನಲ್ಲಿ ಕಗ್ಗಕ್ಕೆ ಜೋಡಿ ಕಾಣೆ. ‘ಮ್ಯೂಸಿಂಗ್ಸ್’ ಅಂತೂ ತೀರಾ ನಾಜೂಕು.