ನಗೆ ಹೊಗೆಯಾದ ಬಗೆ

‘ನಗೆ ಹೋಗಿ ಹೊಗೆಯಾಯಿತು’ ಎಂಬ ಮಾತು ಕನ್ನಡಿಗರ ನಾಲಗೆಯ ಮೇಲೆ ಬಹುಕಾಲದಿಂದ ನಿಂತಿದೆ. ವಿನೋದಕ್ಕೆಂದು ಆಡಿದ ಮಾತು ಕೇಳಿದವನ ಎದೆಯಲ್ಲಿ ಉರಿಯಾಗುವುದನ್ನು, ವೈರಕ್ಕೆ ಕಾರಣವೇ ಇಲ್ಲದೆಡೆ ವೈರ ಹುಟ್ಟುವುದನ್ನು ಎಲ್ಲ ಕಾಲದ ಜನರೂ ಕಂಡಿದ್ದಾರೆ. ಅಂತಹ ಪ್ರಸಂಗಗಳಲ್ಲಿ ತಪ್ಪು ಯಾರದು? ಅಣಕಿಸಿದವನದೇ? ಅಣಕವನ್ನು ಸಹಿಸದವನದೇ? ಅಥವಾ ಇವರಿಬ್ಬರ ನಡುವೆ ಮಾತನ್ನು ಹೊತ್ತು ತಂದವರದೇ? 1996ರಲ್ಲಿ ಅಮೆರಿಕದ ಒಬ್ಬ ಪ್ರಸಿದ್ಧ ಗಾಯಕನಿಗೂ ಒಬ್ಬ ಪ್ರಸಿದ್ಧ ಹಾಸ್ಯಗಾರನಿಗೂ ಬಹಿರಂಗವಾಗಿಯೇ ನಡೆದ ಮನಸ್ತಾಪವು ಈ ಪ್ರಶ್ನೆಯನ್ನು ವಿವೇಚಿಸಲು ತಕ್ಕ ಉದಾಹರಣೆಯಾಗಿದೆ. ಅದು ನ್ಯಾಯಾಲಯದ ಮೆಟ್ಟಿಲು ಹತ್ತಲಿಲ್ಲ. ಯಾರ ಪ್ರಾಣಕ್ಕೂ ಎರವಾಗಲಿಲ್ಲ. ಆದರೂ ಅದು ತಿಳಿಯಾಗಲು ಹತ್ತು ವರ್ಷಗಳು ಬೇಕಾದವು.

ಗಾಯಕನ ಹೆಸರು ಕೂಲಿಯೊ. ಮನೆಯವರಿಟ್ಟ ಹೆಸರು ಆರ್ಟಿಸ್ ಲಿಯಾನ್ ಐವಿ. 1963ರ ಆಗಸ್ಟ್ 1ರಂದು ಪೆನ್ಸಿಲ್ವೇನಿಯಾ ರಾಜ್ಯದ ಮೊನೆಸೆನ್ ಎಂಬ ಊರಿನಲ್ಲಿ ಜನಿಸಿದ ಅವರು ಬೆಳೆದದ್ದು ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ಬಳಿಯ ಕಾಂಪ್ಟನ್‌ನಲ್ಲಿ. ಬಡತನ, ಮಾದಕ ವಸ್ತು ಮತ್ತು ಬೀದಿಗುಂಪುಗಳ ಹೊಡೆದಾಟಗಳಿಂದ ಆ ಪಟ್ಟಣದ ಹೆಸರು ಆಗ ಕೆಟ್ಟಿತ್ತು. ಯೌವನದಲ್ಲಿ ಕೂಲಿಯೊ ತಾವೂ ಮಾದಕ ವ್ಯಸನಕ್ಕೆ ಬಿದ್ದರು. ಅದರಿಂದ ಪಾರಾಗುವ ಸಲುವಾಗಿ ಊರು ಬಿಟ್ಟು, ಕ್ಯಾಲಿಫೋರ್ನಿಯಾದ ಅರಣ್ಯ ಇಲಾಖೆಯಲ್ಲಿ ಕಾಳ್ಗಿಚ್ಚು ನಂದಿಸುವ ಕೆಲಸ ಮಾಡಿದರು. ಆ ಬಾಳಿನಿಂದ ಎದ್ದು ಬಂದವರು 1995ರಲ್ಲಿ ‘ಗ್ಯಾಂಗ್‌ಸ್ಟಾಸ್ ಪ್ಯಾರಡೈಸ್’ ಎಂಬ ಹಾಡನ್ನು ಹಾಡಿದರು. ಹೆಸರಿನಲ್ಲಿ ಸ್ವರ್ಗವಿದ್ದರೂ ಅದರೊಳಗಿದ್ದುದು ನರಕದ ಚಿತ್ರ: ಬಂದೂಕಿನ ನೆರಳಿನಲ್ಲಿ ಬೆಳೆದ ಯುವಕನೊಬ್ಬನ ಭಯ, ಪಶ್ಚಾತ್ತಾಪ ಮತ್ತು ಅಸಹಾಯಕತೆ.

ಆ ಹಾಡಿನ ಬೇರು ಇನ್ನೂ ಹಿಂದಿನದು. ಅಂಧ ಗಾಯಕ ಸ್ಟೀವಿ ವಂಡರ್ ಅವರು 1976ರಲ್ಲಿ ಹೊರತಂದಿದ್ದ ‘ಪಾಸ್‌ಟೈಮ್ ಪ್ಯಾರಡೈಸ್’ ಎಂಬ ಗೀತೆಯ ಧಾಟಿಯ ಮೇಲೆ ಕೂಲಿಯೊ ಮತ್ತು ಅವರ ಜೊತೆಗಾರರು ತಮ್ಮ ಮಾತುಗಳನ್ನು ಕಟ್ಟಿದ್ದರು. ಅದಕ್ಕೆ ವಂಡರ್ ಅವರ ಒಪ್ಪಿಗೆ ಬೇಕಾಯಿತು. ಹಾಡಿನಲ್ಲಿದ್ದ ಹೊಲಸು ಮಾತುಗಳನ್ನು ತೆಗೆಯಬೇಕೆಂದು ವಂಡರ್ ಬಯಸಿದರು. ಕೂಲಿಯೊ ಒಪ್ಪಿ ತೆಗೆದರು. ಹಾಗೆ ಶುದ್ಧವಾದ ಹಾಡು ‘ಡೇಂಜರಸ್ ಮೈಂಡ್ಸ್’ ಎಂಬ ಚಲನಚಿತ್ರದೊಂದಿಗೆ ಹೊರಬಂದು, ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿ ನಿಂತು, ಆ ಇಡೀ ವರ್ಷದ ಅಗ್ರಗೀತೆಯೆನಿಸಿತು. ಮುಂದೆ ನಡೆದುದನ್ನು ತೂಗಿ ನೋಡುವಾಗ ಒಂದು ಸಂಗತಿಯನ್ನು ಮರೆಯಬಾರದು: ಕೂಲಿಯೊ ಅವರ ಹಾಡೇ ಮತ್ತೊಬ್ಬರ ಹಾಡಿನ ಮೇಲೆ, ಮತ್ತೊಬ್ಬರ ಅನುಮತಿಯಿಂದ ಎದ್ದು ನಿಂತದ್ದು.

ಹಾಸ್ಯಗಾರನ ಹೆಸರು ಆಲ್ಫ್ರೆಡ್ ಯಾಂಕೋವಿಕ್. ಜನರ ಬಾಯಲ್ಲಿ ‘ವಿಯರ್ಡ್ ಆಲ್’, ಅಂದರೆ ವಿಚಿತ್ರದ ಆಲ್. 1959ರಲ್ಲಿ ಹುಟ್ಟಿದ ಇವರು ಬೆಳೆದ ಲಿನ್‌ವುಡ್ ಪಟ್ಟಣವು ಕಾಂಪ್ಟನ್‌ಗೆ ಅಂಟಿಕೊಂಡೇ ಇದೆ. ನೆರೆಯೂರಿನವರಾಗಿದ್ದರೂ ಇಬ್ಬರು ಬೆಳೆದ ಬಗೆಗಳು ತೀರ ಬೇರೆ. ಬಾಲ್ಯದಲ್ಲಿಯೇ ಅಕಾರ್ಡಿಯನ್ ವಾದ್ಯವನ್ನು ಕಲಿತು, ಕಾಲೇಜಿನಲ್ಲಿ ವಾಸ್ತುಶಿಲ್ಪವನ್ನು ಓದಿದ ಯಾಂಕೋವಿಕ್, ಜನಪ್ರಿಯ ಗೀತೆಗಳ ಧಾಟಿಗೆ ನಗೆಮಾತುಗಳನ್ನು ಹೊಂದಿಸಿ ಅಣಕವಾಡುಗಳನ್ನು ರಚಿಸುವುದನ್ನೇ ವೃತ್ತಿಯನ್ನಾಗಿ ಮಾಡಿಕೊಂಡರು.

ಅಣಕಿಸುವ ಮೊದಲು ಮೂಲ ಗಾಯಕರ ಒಪ್ಪಿಗೆ ಕೇಳುವುದು ಈ ವೃತ್ತಿಯಲ್ಲಿ ಅವರು ತಾವಾಗಿಯೇ ಹಾಕಿಕೊಂಡ ಕಟ್ಟಳೆಯಾಗಿತ್ತು. ಮೈಕೆಲ್ ಜಾಕ್ಸನ್ ಎರಡು ಬಾರಿ ಸಂತೋಷದಿಂದ ಒಪ್ಪಿದರು; ಜನಾಂಗಗಳ ಸಮಾನತೆಯನ್ನು ಸಾರುವ ತಮ್ಮ ‘ಬ್ಲ್ಯಾಕ್ ಆರ್ ವೈಟ್’ ಗೀತೆಯ ವಿಷಯದಲ್ಲಿ ಮಾತ್ರ, ಅದರ ಸಂದೇಶ ಹಗುರವಾಗುವುದು ಬೇಡವೆಂದರು. ಪ್ರಿನ್ಸ್ ಎಂಬ ಗಾಯಕರು ಎಂದೂ ಒಪ್ಪಲಿಲ್ಲ. ಪಾಲ್ ಮೆಕಾರ್ಟ್ನಿ ಅವರ ಹಾಡೊಂದನ್ನು ಕೋಳಿಮಾಂಸದ ಭಕ್ಷ್ಯದ ಮೇಲಿನ ಅಣಕವಾಡಾಗಿ ಮಾರ್ಪಡಿಸಲು ಯಾಂಕೋವಿಕ್ ಕೇಳಿದಾಗ, ಶಾಕಾಹಾರಿಯಾದ ಮೆಕಾರ್ಟ್ನಿ ಅದು ಪ್ರಾಣಿಗಳನ್ನು ತಿನ್ನುವುದಕ್ಕೆ ಸಮ್ಮತಿ ಕೊಟ್ಟಂತಾಗುವುದೆಂದು ನಿರಾಕರಿಸಿದರು. 1992ರಲ್ಲಿ ತಾವೂ ಶಾಕಾಹಾರಿಯಾದ ಯಾಂಕೋವಿಕ್ ಆ ನಿರಾಕರಣೆಯನ್ನು ಗೌರವದಿಂದಲೇ ನೆನೆದಿದ್ದಾರೆ. ಬೇಡವೆಂದವರ ಹಾಡನ್ನು ಅವರು ಮುಟ್ಟುತ್ತಿರಲಿಲ್ಲ.

ಕಾನೂನು ಇಷ್ಟನ್ನು ಬೇಡುತ್ತಿರಲಿಲ್ಲವೆಂಬುದು ಗಮನಾರ್ಹ. 1994ರ ಮಾರ್ಚ್ 7ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ‘ಟು ಲೈವ್ ಕ್ರೂ’ ಎಂಬ ಗಾಯಕವೃಂದದ ಮೊಕದ್ದಮೆಯಲ್ಲಿ ಏಕಮತದ ತೀರ್ಪು ನೀಡಿತ್ತು. ರಾಯ್ ಆರ್ಬಿಸನ್ ಅವರ ಪ್ರಸಿದ್ಧ ಗೀತೆಯನ್ನು ಆ ವೃಂದವು ಅನುಮತಿ ಸಿಗದಿದ್ದರೂ ಅಣಕಿಸಿ ಮಾರಿತ್ತು. ಹಣಕ್ಕಾಗಿ ಮಾಡಿದ ಅಣಕವೆಂಬ ಒಂದೇ ಕಾರಣದಿಂದ ಅದು ಹಕ್ಕುಸ್ವಾಮ್ಯದ ಉಲ್ಲಂಘನೆಯಾಗದು, ಅದು ನ್ಯಾಯವಾದ ಬಳಕೆಯಾಗಿರಲೂಬಹುದು ಎಂದು ನ್ಯಾಯಾಲಯ ಹೇಳಿತು. ಜೊತೆಗೆ ಒಂದು ಸೂಕ್ಷ್ಮ ಭೇದವನ್ನೂ ತೋರಿಸಿತು: ಮೂಲ ಕೃತಿಯನ್ನೇ ಗುರಿಯಾಗಿಟ್ಟುಕೊಂಡ ಅಣಕಕ್ಕೆ ಆ ಕೃತಿಯನ್ನು ಬಳಸುವ ಕಾರಣವಿರುತ್ತದೆ, ಮೂಲದ ಧಾಟಿಯನ್ನು ಎರವಲು ಪಡೆದು ಬೇರೊಂದನ್ನು ಲೇವಡಿ ಮಾಡುವವನು ಆ ಎರವಲಿಗೆ ಹೆಚ್ಚಿನ ಸಮರ್ಥನೆ ಕೊಡಬೇಕಾಗುತ್ತದೆ. ಕಾನೂನಿನ ಗೆರೆ ಹೀಗೆ ಒಂದು ಕಡೆ ಇದ್ದರೆ, ಯಾಂಕೋವಿಕ್ ತಮಗೆ ತಾವೇ ಎಳೆದುಕೊಂಡಿದ್ದ ಗೆರೆ ಅದಕ್ಕಿಂತ ಬಹಳ ಈಚೆಗೆ ಇತ್ತು. ಆದರೂ 1996ರಲ್ಲಿ ಅವರು ಎಡವಿದರು.

ಕೂಲಿಯೊ ಅವರ ಹಾಡಿನ ಧಾಟಿಗೆ ಅವರು ‘ಆಮಿಶ್ ಪ್ಯಾರಡೈಸ್’ ಎಂಬ ಅಣಕವಾಡನ್ನು ಬರೆದರು. ಆಮಿಶರು ಪೆನ್ಸಿಲ್ವೇನಿಯಾದ ಲ್ಯಾಂಕ್ಯಾಸ್ಟರ್ ಮೊದಲಾದ ಕಡೆಗಳಲ್ಲಿ ನೆಲೆಸಿರುವ, ಮೋಟಾರು ವಾಹನಗಳನ್ನು ಇಟ್ಟುಕೊಳ್ಳದೆ, ಮನೆಗೆ ವಿದ್ಯುತ್ ತಂತಿಯನ್ನು ಎಳೆಸಿಕೊಳ್ಳದೆ ಸರಳವಾಗಿ ಬಾಳುವ ಕ್ರೈಸ್ತ ಪಂಗಡದವರು. ಬೀದಿಕಾಳಗದ ಯುವಕನ ಸ್ಥಾನದಲ್ಲಿ ಬೆಣ್ಣೆ ಕಡೆಯುವ ಆಮಿಶ್ ರೈತನನ್ನು ನಿಲ್ಲಿಸಿದ್ದೇ ಈ ಅಣಕದ ಯುಕ್ತಿ. ಎಂದಿನಂತೆ ಒಪ್ಪಿಗೆ ಕೇಳಲಾಯಿತು; ಆದರೆ ಕೇಳಿದ್ದು ಗಾಯಕನನ್ನಲ್ಲ. ಕೂಲಿಯೊ ಒಪ್ಪಿದ್ದಾರೆಂಬ ಮಾತು ಧ್ವನಿಮುದ್ರಣ ಸಂಸ್ಥೆಯ ಮೂಲಕ ಯಾಂಕೋವಿಕ್ ಅವರಿಗೆ ತಲುಪಿತು. ಅದನ್ನು ನಂಬಿ ಹಾಡನ್ನು ಮುದ್ರಿಸಿದರು. ಮಾರ್ಚ್ 12ರಂದು ಹೊರಬಂದ ‘ಬ್ಯಾಡ್ ಹೇರ್ ಡೇ’ ಎಂಬ ಗೀತಸಂಪುಟದ ಮುಖಚಿತ್ರದಲ್ಲಿ ಯಾಂಕೋವಿಕ್ ಕೂಲಿಯೊ ಅವರಂತೆಯೇ ದಿಕ್ಕುದಿಕ್ಕಿಗೆ ನಿಮಿರಿದ ಜಡೆಗಳನ್ನು ಧರಿಸಿ ಕಾಣಿಸಿಕೊಂಡರು.

ಅದಕ್ಕೆ ಕೆಲವೇ ದಿನ ಮೊದಲು, ಫೆಬ್ರವರಿ 28ರಂದು, ಕೂಲಿಯೊ ಅದೇ ಹಾಡಿಗೆ ಗ್ರಾಮಿ ಪ್ರಶಸ್ತಿಯನ್ನು ಪಡೆದಿದ್ದರು. ಬಾಳಿನ ಅತ್ಯುನ್ನತ ಗಳಿಗೆ ಅದು. ಅಲ್ಲಿಯೇ ವೇದಿಕೆಯ ಹಿಂದೆ ಅಣಕವಾಡಿನ ಮಾತು ಬಂದಾಗ ಅವರು ತಮ್ಮ ಅಸಮಾಧಾನವನ್ನು ಮುಚ್ಚಿಡಲಿಲ್ಲ. ತಾವು ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲವೆಂದೂ, ತಮ್ಮ ಹಾಡು ಹಾಗೆ ನಗೆಗೀಡಾಗಬಾರದಷ್ಟು ಗಂಭೀರವಾದದ್ದೆಂದೂ ಹೇಳಿದರು. ಮಾತು ಊರೂರಿಗೆ ಹರಡಿತು. ಒಬ್ಬರು ಒಪ್ಪಿಗೆ ಇತ್ತೆನ್ನುತ್ತಾರೆ, ಇನ್ನೊಬ್ಬರು ಇರಲಿಲ್ಲವೆನ್ನುತ್ತಾರೆ. ಹಾಗಿದ್ದ ಮೇಲೆ ಇಬ್ಬರಲ್ಲಿ ಒಬ್ಬರು ಸುಳ್ಳಾಡಿರಬೇಕೆಂದು ಕೇಳಿದವರಿಗೆ ತೋರುವುದು ಸಹಜ. ಇಬ್ಬರೂ ತಮಗೆ ತಿಳಿದ ಸತ್ಯವನ್ನೇ ಹೇಳುತ್ತಿರಬಹುದೆಂಬ ಮೂರನೆಯ ಸಾಧ್ಯತೆ ಜಗಳದ ಗದ್ದಲದಲ್ಲಿ ಬೇಗ ಹೊಳೆಯುವುದಿಲ್ಲ.

ಎರಡೂ ಕಡೆಯ ನ್ಯಾಯವನ್ನು ತೂಗಿ ನೋಡಬೇಕು. ಕೂಲಿಯೊ ಅವರ ನೋವು ಹುಸಿಯಲ್ಲ. ಯಾವ ಬೀದಿಗಳಿಂದ ಅವರು ಕಷ್ಟಪಟ್ಟು ಪಾರಾಗಿ ಬಂದಿದ್ದರೋ ಆ ಬೀದಿಗಳ ಸಾವುನೋವೇ ಆ ಹಾಡಿನಲ್ಲಿತ್ತು. ನೊಂದವರ ಗೋಳಿಗೆ ದನಿಯಾದ ಹಾಡನ್ನು ಕೇಳಿ ಜನ ನಗುವಂತಾದರೆ, ಆ ನೋವೇ ನಗೆಗೀಡಾಯಿತೆಂದು ಹಾಡಿದವನಿಗೆ ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ಇನ್ನೊಂದು ಮಗ್ಗುಲೂ ಇದೆ. ಅಣಕವಾಡು ಕಾಂಪ್ಟನ್ನಿನ ಬಡವರನ್ನಾಗಲಿ, ಸತ್ತವರನ್ನಾಗಲಿ ಹಂಗಿಸಿರಲಿಲ್ಲ. ಅದರಿಂದ ಬಂದ ರಾಯಲ್ಟಿಯ ಪಾಲು ಮೂಲ ಹಾಡಿನ ಕರ್ತೃಗಳಿಗೂ ಸಲ್ಲುತ್ತಿತ್ತು. ಕೂಲಿಯೊ ಅದನ್ನು ಬೇಡವೆನ್ನಲಿಲ್ಲ. ನೋವಿನಲ್ಲಿ ಎಷ್ಟು ಪಾಲು ಹಾಡಿನ ಗೌರವಕ್ಕಾಗಿ, ಎಷ್ಟು ಪಾಲು ಹಾಡಿದವನ ಅಭಿಮಾನಕ್ಕಾಗಿ ಎಂಬುದನ್ನು ಹೊರಗಿನವರು ಅಳೆಯಲಾರರು. ನೊಂದವನೇ ಅಳೆದುಕೊಳ್ಳಬೇಕು.

ಯಾಂಕೋವಿಕ್ ಮಾಡಿದ್ದೇನು? ತಪ್ಪು ಸಂಸ್ಥೆಯದೆಂದು ಹೇಳಿ ಕೈತೊಳೆದುಕೊಳ್ಳಲು ಅವರಿಗೆ ಅವಕಾಶವಿತ್ತು. ಆ ಮಾತಿನಲ್ಲಿ ಸುಳ್ಳೂ ಇರುತ್ತಿರಲಿಲ್ಲ. ಆದರೆ ಅವರು ಕೂಲಿಯೊ ಅವರಿಗೆ ಪತ್ರ ಬರೆದು ಕ್ಷಮೆ ಕೇಳಿದರು. ಅಷ್ಟೇ ಅಲ್ಲದೆ, ಇನ್ನು ಮುಂದೆ ಮಧ್ಯವರ್ತಿಗಳ ಮಾತನ್ನು ನೆಚ್ಚದೆ ಮೂಲ ಗಾಯಕರಿಂದಲೇ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳಬೇಕೆಂಬ ನಿಯಮವನ್ನು ಹಾಕಿಕೊಂಡರು. ಈ ನಿಯಮದ ಬೆಲೆ 2011ರಲ್ಲಿ ಇನ್ನೊಂದು ಬಗೆಯಲ್ಲಿ ಕಂಡಿತು. ಲೇಡಿ ಗಾಗಾ ಎಂಬ ಗಾಯಕಿ ಒಪ್ಪಲಿಲ್ಲವೆಂಬ ಉತ್ತರ ಬಂದುದರಿಂದ ಯಾಂಕೋವಿಕ್ ಅವರ ಹಾಡಿನ ಅಣಕವನ್ನು ತಮ್ಮ ಗೀತಸಂಪುಟದಿಂದ ಕೈಬಿಡಲು ಸಿದ್ಧರಾದರು. ನಿಜದಲ್ಲಿ ಆ ಉತ್ತರ ಆಕೆಯ ವ್ಯವಸ್ಥಾಪಕರದು. ಆಕೆ ಹಾಡನ್ನು ಕೇಳಿಯೇ ಇರಲಿಲ್ಲ. ಸಂಗತಿ ತಿಳಿದೊಡನೆ ಸಂತೋಷದಿಂದ ಒಪ್ಪಿದರು. ಒಮ್ಮೆ ಇಲ್ಲದ ಒಪ್ಪಿಗೆಯನ್ನು ಇದೆಯೆಂದರು; ಮತ್ತೊಮ್ಮೆ ಯಾರೂ ಮಾಡದ ನಿರಾಕರಣೆಯನ್ನು ಮಾಡಿದರೆಂದರು. ಎರಡು ಸಲವೂ ಮಾತು ಕೆಟ್ಟದ್ದು ದಾರಿಯಲ್ಲಿಯೇ.

ಈ ಇಡೀ ಪ್ರಸಂಗದಲ್ಲಿ ಯಾರೂ ಒಪ್ಪಿಗೆ ಕೇಳದ ಒಂದು ಪಕ್ಷವೂ ಇತ್ತು. ನಗೆಗೆ ನಿಜವಾಗಿ ಗುರಿಯಾದವರು ಆಮಿಶರು. ದೂರದರ್ಶನವನ್ನೇ ನೋಡದ ಆ ಜನ ತಮ್ಮ ಮೇಲಿನ ಅಣಕವನ್ನು ಕಾಣುವ ಸಂಭವವೂ ಕಡಿಮೆ, ಅದಕ್ಕೆ ಉತ್ತರ ಕೊಡುವ ಸಂಭವ ಇನ್ನೂ ಕಡಿಮೆ. ಹಾಡು ಯಾರದೆಂಬ ಬಗ್ಗೆ ಚರ್ಚೆ ನಡೆಯಿತೇ ಹೊರತು, ನಗೆ ಯಾರ ಮೇಲೆ ಎಂಬುದು ಆ ಜಗಳದಲ್ಲಿ ಪ್ರಶ್ನೆಯೇ ಆಗಲಿಲ್ಲ. ಆ ಜನರ ಸ್ವಭಾವ ಎಂತಹುದೆಂಬುದು 2006ರ ಅಕ್ಟೋಬರ್ 2ರಂದು ಲೋಕಕ್ಕೆ ತಿಳಿಯಿತು. ಅಂದು ಲ್ಯಾಂಕ್ಯಾಸ್ಟರ್ ಪ್ರಾಂತದ ನಿಕಲ್ ಮೈನ್ಸ್‌ನಲ್ಲಿ ಹೊರಗಿನವನೊಬ್ಬ ಆಮಿಶ್ ಶಾಲೆಗೆ ನುಗ್ಗಿ ಹತ್ತು ಹೆಣ್ಣುಮಕ್ಕಳ ಮೇಲೆ ಗುಂಡು ಹಾರಿಸಿ, ತಾನೂ ಸತ್ತ. ಐವರು ಮಕ್ಕಳು ತೀರಿಕೊಂಡರು. ಅದೇ ದಿನ ಆಮಿಶ್ ನೆರೆಯವರು ಕೊಂದವನ ಮನೆಯವರಲ್ಲಿಗೆ ಹೋಗಿ ಸಮಾಧಾನ ಹೇಳಿದರು. ಮುಂದೆ ಅವನ ಅಂತ್ಯಕ್ರಿಯೆಯಲ್ಲಿಯೂ ಹೋಗಿ ನಿಂತರು. ಈ ಕ್ಷಮೆಯ ಮುಂದೆ ಹಾಡಿನ ಜಗಳ ಬಹಳ ಸಣ್ಣದು. ಆದರೆ ಕ್ಷಮೆಯ ರೀತಿ ಎರಡೂ ಕಡೆ ಒಂದೇ: ಎದ್ದು ಹೋಗಬೇಕು, ಎದುರಿಗೆ ನಿಲ್ಲಬೇಕು.

ಕೂಲಿಯೊ ಮತ್ತು ಯಾಂಕೋವಿಕ್ ಎದುರುಬದುರಾದದ್ದೂ ಆ ವರ್ಷದಲ್ಲಿಯೇ. 2006ರ ಜನವರಿಯಲ್ಲಿ ಲಾಸ್ ವೇಗಾಸ್‌ನಲ್ಲಿ ನಡೆದ ವಿದ್ಯುನ್ಮಾನ ಸಾಮಗ್ರಿಗಳ ಪ್ರದರ್ಶನದಲ್ಲಿ ಇಬ್ಬರೂ ಭೇಟಿಯಾದರು. ಜೊತೆಯಲ್ಲಿ ನಿಂತು ಚಿತ್ರ ತೆಗೆಸಿಕೊಂಡರು. ಹತ್ತು ವರ್ಷ ಪತ್ರಿಕೆಗಳ ಮೂಲಕ ಮಾತಿಗೆ ವಿಷಯವಾಗಿದ್ದ ಮನಸ್ತಾಪ ಹೀಗೆ ತಣಿಯಿತು. ನಂತರದ ವರ್ಷಗಳಲ್ಲಿ ಕೂಲಿಯೊ ಸಂದರ್ಶನಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೈಕೆಲ್ ಜಾಕ್ಸನ್‌ರಂತಹವರೇ ಅಣಕವನ್ನು ನಕ್ಕು ಸ್ವೀಕರಿಸಿರುವಾಗ ತಾವು ಯಾವ ಮಹಾ ದೊಡ್ಡವರೆಂದು ತಮ್ಮನ್ನು ತಾವೇ ಕೇಳಿಕೊಂಡುದಾಗಿಯೂ, ಅಂದಿನ ಸಿಟ್ಟು ತಮ್ಮ ಅವಿವೇಕವಾಗಿತ್ತೆಂದೂ ಹೇಳಿದರು. ಹಿಂದೆ ಬಹಿರಂಗವಾಗಿ ಆಡಿದ ಮಾತನ್ನು ಅವರು ಬಹಿರಂಗವಾಗಿಯೇ ಹಿಂದಕ್ಕೆ ತೆಗೆದುಕೊಂಡರು. ಸಭೆಯಲ್ಲಿ ಸಿಟ್ಟಾಗಿ ಏಕಾಂತದಲ್ಲಿ ಪಶ್ಚಾತ್ತಾಪ ಪಡುವವರು ಬಹಳ. ಸಿಟ್ಟಾದ ಸಭೆಯಲ್ಲಿಯೇ ತಪ್ಪೊಪ್ಪಿಕೊಳ್ಳುವವರು ವಿರಳ.

2022ರ ಸೆಪ್ಟೆಂಬರ್ 28ರಂದು ಕೂಲಿಯೊ ಲಾಸ್ ಏಂಜಲೀಸಿನಲ್ಲಿ ತಮ್ಮ 59ನೆಯ ವಯಸ್ಸಿನಲ್ಲಿ ನಿಧನರಾದರು. ಸುದ್ದಿ ತಿಳಿದಾಗ ಯಾಂಕೋವಿಕ್ ಅವರಿಗೆ ಶಾಂತಿಯನ್ನು ಕೋರಿ, ತಾವಿಬ್ಬರೂ ಅಪ್ಪಿಕೊಂಡು ನಿಂತ ಚಿತ್ರವೊಂದನ್ನು ಪ್ರಕಟಿಸಿದರು. 2006ರ ಆ ಭೇಟಿ ನಡೆಯದೆ ಹೋಗಿದ್ದರೆ ಅಂದು ಪ್ರಕಟಿಸಲು ಅವರ ಬಳಿ ಮುಖಚಿತ್ರದ ಆ ಅಣಕದ ಜಡೆಗಳಲ್ಲದೆ ಮತ್ತೇನೂ ಉಳಿದಿರುತ್ತಿರಲಿಲ್ಲ.

ನಗಿಸುವುದು ತಪ್ಪಲ್ಲ, ನೋಯುವುದೂ ತಪ್ಪಲ್ಲ. ಅಣಕಿಸುವ ಹಕ್ಕು ಎಷ್ಟೆಂಬುದನ್ನು ನ್ಯಾಯಾಲಯ ಹೇಳಬಲ್ಲದು. ಅಣಕಕ್ಕೆ ಗುರಿಯಾಗುವವನ ಬಾಗಿಲಿಗೆ ಹೋಗಿ ಕೇಳು ಎಂದು ಹೇಳಬೇಕಾದುದು ಮನಸ್ಸಾಕ್ಷಿ. ಅನುಮತಿಯಾಗಲಿ ಕ್ಷಮೆಯಾಗಲಿ ಪರರ ಕೈಯಲ್ಲಿ ಕೊಟ್ಟು ಕಳುಹಿಸುವ ವಸ್ತುವಲ್ಲ. ನೆರೆಯೂರುಗಳಲ್ಲಿ ಬೆಳೆದ ಇಬ್ಬರು ಒಬ್ಬರನ್ನೊಬ್ಬರು ಮೊದಲೇ ಒಂದು ಮಾತು ಕೇಳಿದ್ದರೆ ಹತ್ತು ವರ್ಷಗಳ ಹೊಗೆ ಏಳುತ್ತಲೇ ಇರಲಿಲ್ಲ.