ಸಾಹೇಬರ ಟೋಪಿ, ಗಂಡನ ಅಂಗಿ

ನಾನು ಬ್ಯಾಂಕಿಗೆ ಹೋಗುವ ದಾರಿಯಲ್ಲಿ ಒಂದು ಮಜೂರ್ ಅಡ್ಡಾ ಇದೆ. ಕಲಬುರಗಿ ಕಡೆಯ ಹೆಂಗಸರು ಬೆಳಿಗ್ಗೆ ಅಲ್ಲಿ ಕೂಲಿಗೆ ಕಾಯುತ್ತಿರುತ್ತಾರೆ. ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು. ಸಿಮೆಂಟಿನ ಧೂಳಿಗಿರಬೇಕು ಅಂದುಕೊಂಡಿದ್ದೆ.

ಈ ಪುಣೆಯಲ್ಲಿ ಬಿಸಿಲಿಗೆ ತೀರಾ ಹೆದರಿದವರು ಸಾಹೇಬರು. 1817ರ ಖಡಕಿ ಯುದ್ಧದ ನಂತರ ಅವರ ದಂಡು ಇಲ್ಲಿ ಬೇರೂರಿತು. ನಮ್ಮ ಸೂರ್ಯನ ಕಿರಣ ಬಿಳಿಯರ ತಲೆಬುರುಡೆ, ಬೆನ್ನುಹುರಿಯನ್ನೇ ಹೊಕ್ಕು ಕೆಡಿಸುತ್ತದೆ ಅಂತ ಅವರ ಡಾಕ್ಟರುಗಳೇ ನಂಬಿದ್ದರು. ಅಮೆರಿಕದ ಸೇನಾ ವೈದ್ಯ ಚಾರ್ಲ್ಸ್ ವುಡ್ರಫ್ 1905ರಲ್ಲಿ ಇಂಥದ್ದೇ ವಾದದ ಪುಸ್ತಕವನ್ನೂ ಬರೆದ. ಅದಕ್ಕೇ ನೋಡಿ, ಸೋಲಾ ಗಿಡದ ಬೆಂಡಿನ ಆ ಟೋಪಿ; ಕೆಲವರಿಗೆ ಬೆನ್ನಿಗೂ ಒಂದು ಮೆತ್ತೆ! ಎರಡನೇ ಮಹಾಯುದ್ಧದ ಹೊತ್ತಿಗೆ ಆ ನಂಬಿಕೆ ಬಿತ್ತು, ಟೋಪಿಯೂ ಹೋಯಿತು. ಅವರ ರಸ್ತೆಗೆ ಕಲ್ಲು ಹೊತ್ತವರಿಗೆ ಅವರವರ ರುಮಾಲೇ ಗತಿ. ಅಂದ ಹಾಗೆ, ಸಡಿಲ ಬಟ್ಟೆ ಹಾಕಿ, ಮೈ-ತಲೆ ಮುಚ್ಚಿಕೊಳ್ಳಿ ಅಂತ ಇಂದಿನ ವೈದ್ಯರೂ ಹೇಳುತ್ತಾರೆ.

ಮೊನ್ನೆ ಖಾತೆ ತೆರೆಯಲು ಬಂದ ಒಬ್ಬಾಕೆಯನ್ನು ಕೇಳಿಯೇ ಬಿಟ್ಟೆ, "ಯವ್ವಾ, ಈ ಅಂಗಿಯೊಳಗ ಸೆಕಿ ಆಗೂದಿಲ್ಲೇನು?"

"ಆಗ್ತದ್ರಿ ಸಾಹೇಬ್ರೆ. ಆದ್ರ ತೋಳು ಸುಟ್ರ ರಾತ್ರಿ ನಿದ್ದಿ ಹತ್ತಂಗಿಲ್ಲ. ನೆಳ್ಳಿಗಿ ಕುಂತ್ರ ಮುಕಾದಮ ಪಗಾರ ಕಡೀತಾನ."