ಆದೋನಿ ಸೀಮೆಯ ಒಟ್ಟು ಮನೆ

ದುಡಿಯುವ ವಯಸ್ಸಿಗೆ ಬಂದ ಮಕ್ಕಳು ನಾಲ್ಕು ಕಾಸು ಉಳಿಯಲೆಂದು ಅಪ್ಪ ಅಮ್ಮನ ಮನೆಯಲ್ಲೇ ಇರುವುದು ಈಚಿನ ಬೆಳವಣಿಗೆ ಎಂಬಂತೆ ಹಲವು ದೇಶಗಳು ಮಾತಾಡುತ್ತಿವೆ. ಅಮೆರಿಕದಲ್ಲಿ 2020ರ ಜುಲೈ ಹೊತ್ತಿಗೆ 18ರಿಂದ 29 ವರ್ಷದವರಲ್ಲಿ ನೂರಕ್ಕೆ 52 ಮಂದಿ ತಂದೆಯದೋ ತಾಯಿಯದೋ ಮನೆಯಲ್ಲಿದ್ದರೆಂದು ಪ್ಯೂ ಸಂಶೋಧನಾ ಕೇಂದ್ರ ಲೆಕ್ಕ ಕೊಟ್ಟಾಗ, 1930ರ ದಶಕದ ಮಹಾಕುಸಿತದ ಕಾಲವನ್ನೂ ಇದು ಮೀರಿತೆಂದು ಅಲ್ಲಿಯವರು ಗಾಬರಿಯಾದರು. ವಾಯವ್ಯ ಯುರೋಪಿನಲ್ಲಿ ಮದುವೆಯೆಂದರೆ ಬೇರೆ ಮನೆ ಹೂಡುವುದು, ಅದಕ್ಕೆ ಬೇಕಾದ ದುಡ್ಡು ಕೂಡುವತನಕ ಮದುವೆಯನ್ನೇ ಮುಂದೂಡುವುದು ಹಳೆಯ ರೂಢಿ ಎಂದು ಜನಸಂಖ್ಯಾ ವಿದ್ವಾಂಸ ಜಾನ್ ಹಾಜ್ನಲ್ ತೋರಿಸಿಕೊಟ್ಟಿದ್ದಾರೆ. ಆ ರೂಢಿಯವರಿಗೆ ಗಾಬರಿ ಸಹಜ. ನಮ್ಮ ಕಡೆಯ ಮಾತು ಇದರ ತದ್ವಿರುದ್ಧ. ಒಟ್ಟಿಗಿರುವುದು ನಮ್ಮ ಸಂಸ್ಕೃತಿ, ಬೇರೆಯಾಗುವುದು ಕಾಲ ಕೆಟ್ಟದ್ದರ ಗುರುತು ಎನ್ನುತ್ತೇವೆ. ಆದೋನಿ, ಆಲೂರು, ಎಮ್ಮಿಗನೂರು, ಕೌತಾಳ, ಹೊಳಗುಂದಗಳ ಚರಿತ್ರೆಯನ್ನು ಇಟ್ಟು ನೋಡಿದರೆ ಈ ಎರಡು ಮಾತೂ ನಿಲ್ಲುವುದಿಲ್ಲ. ಈ ಸೀಮೆಯಲ್ಲಿ ಒಟ್ಟು ಮನೆ ಮೊದಲಿಂದಲೂ ಉಳಿತಾಯದ ಏರ್ಪಾಡು. ಕಾಲಕಾಲಕ್ಕೆ ಬದಲಾದದ್ದು ಏನನ್ನು ಉಳಿಸುತ್ತಿದ್ದರು, ಉಳಿಸಿದ್ದು ಯಾರ ಕೈಯಲ್ಲಿರುತ್ತಿತ್ತು ಎಂಬುದು.

ನಿಜಾಮನಿಂದ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದ ಈ ಸೀಮೆ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು, ಅಂದಿನಿಂದ ಆಂಧ್ರದಲ್ಲಿದೆ. ಇಲ್ಲಿನದು ಹೆಚ್ಚಾಗಿ ಎರೆ ಭೂಮಿ, ನೆಚ್ಚಲಾಗದ ಮಳೆ. ಎರೆ ಹೊಲದಲ್ಲಿ ಕರಿಕೆ ಬೇರು ಬಿಟ್ಟರೆ ಒಂದು ಜೋಡಿ ಎತ್ತಿನ ಕುಂಟೆಯಿಂದ ಅದನ್ನು ಕೀಳಲಾಗದು; ಹಲವು ಜೋಡಿ ಎತ್ತು ಹೂಡಿದ ದೊಡ್ಡ ರೆಂಟೆಯೇ ಬೇಕು. ಅಷ್ಟು ಎತ್ತುಗಳನ್ನು ಒಬ್ಬ ಹರೆಯದ ಮಗ ಬೇರೆ ಹೋಗಿ ಕಟ್ಟಿಕೊಳ್ಳುವುದೆಲ್ಲಿಂದ ಬಂತು? ಪಾಲಿನಲ್ಲಿ ಹೊಲ ಹರಿದು ಹಂಚಿಹೋಗುತ್ತದೆ, ಎತ್ತಿನ ಜೋಡಿ ಮುರಿದರೆ ಇಬ್ಬರಿಗೂ ಕೆಲಸಕ್ಕೆ ಬಾರದು. ಮನೆಯ ಕತೆಯೂ ಅಷ್ಟೆ. ಮಣ್ಣಿನ ಮಾಳಿಗೆ ಮನೆಗೆ ಗೋಡೆ ಅಗ್ಗ, ಮೇಲಿನ ತೊಲೆ ಜಂತಿ ದುಬಾರಿ, ಏಕೆಂದರೆ ಬಯಲು ಸೀಮೆಯಲ್ಲಿ ಮರವೇ ಅಪರೂಪ. ಮನೆಯನ್ನು ಅಂಕಣದ ಲೆಕ್ಕದಲ್ಲಿ ಅಳೆಯುತ್ತಿದ್ದ ಈ ಜನ, ಮಗನಿಗೆ ಮದುವೆಯಾದರೆ ಹೊಸ ಮನೆ ಕಟ್ಟುವ ಬದಲು ಇದ್ದ ಮನೆಗೇ ಒಂದು ಅಂಕಣ ಸೇರಿಸುವುದನ್ನು ಮೇಲೆಂದುಕೊಂಡರು. ಮುಂದೆ ಪಾಲಾಗುವ ದಿನ ಬಂದರೆ ಪಡಸಾಲೆಯ ನಡುವೆ ಒಂದು ಗೋಡೆ ಎದ್ದು ತೊಲೆಗಳು ಇದ್ದಲ್ಲೇ ಇರುತ್ತಿದ್ದವು. ಇವೆರಡಕ್ಕಿಂತ ದೊಡ್ಡ ಸಾಕ್ಷಿ ಹಗೇವು. ನೆಲದಲ್ಲಿ ಆಳಕ್ಕೆ ತೋಡಿ, ಒಳಗೋಡೆಗೆ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಮಣ್ಣು ಮೆತ್ತಿ ಮುಚ್ಚಿದರೆ ಕಾಳು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ತೆರೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ಒಳಗೆ ಕಟ್ಟಿಕೊಂಡ ಕೆಟ್ಟ ಗಾಳಿಗೆ ಜೀವ ಹೋದೀತು, ಅದು ಆಡಿ ಹೋಗುವತನಕ ಕಾಯಬೇಕು. ಹಗೇವು ತುಂಬಲು ಒಂದೇ ಒಳ್ಳೆಯ ಮಳೆಗಾಲದಲ್ಲಿ ಉಂಡು ಮಿಕ್ಕುವಷ್ಟು ಬೆಳೆಯಬೇಕು, ಅದಕ್ಕೆ ಹೊಲದಲ್ಲಿ ಅನೇಕ ಕೈ, ಮನೆಯಲ್ಲಿ ಒಂದೇ ಒಲೆ ಬೇಕು. ಮೂರು ಒಲೆಯಾದರೆ ಖರ್ಚೂ ಮೂರಾಗಿ, ಒಂದು ಹಗೇವೂ ತುಂಬದು. ಬರದ ವರ್ಷಕ್ಕೆ ಈ ಸೀಮೆಯವರು ಮಾಡಿಕೊಂಡ ವಿಮೆ ಇದು, ಅದರ ಕಂತು ಕಟ್ಟುತ್ತಿದ್ದವರು ಬೇರೆ ಹೋಗದೆ ಉಳಿದ ಮಕ್ಕಳು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಒಟ್ಟಿಗಿದ್ದದ್ದು ಧರ್ಮಕ್ಕೆ ಹೆದರಿ, ಹಿರಿಯರ ಮೇಲಿನ ಗೌರವಕ್ಕೆ. ಅದನ್ನು ಬರೀ ಲೆಕ್ಕಾಚಾರಕ್ಕೆ ಇಳಿಸುವುದು ಅನ್ಯಾಯ ಎನ್ನುವವರಿದ್ದಾರೆ. ಗೌರವ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಧರ್ಮಶಾಸ್ತ್ರವೇ ಇವರ ಪರ ಪೂರ್ತಿ ಮಾತಾಡುವುದಿಲ್ಲ. ಮಿತಾಕ್ಷರವನ್ನು ವಿಜ್ಞಾನೇಶ್ವರ ಬರೆದದ್ದು ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. ಮಗನಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಎಂಬುದು ಅದರ ತಿರುಳು. ಮದ್ರಾಸು ಪ್ರಾಂತ್ಯದ ನ್ಯಾಯಾಲಯಗಳು ಇದನ್ನೇ ಹಿಡಿದು, ತಂದೆ ಬದುಕಿರುವಾಗಲೇ ಮಗ ಪಾಲು ಕೇಳಬಹುದೆಂದು ಒಪ್ಪಿದ್ದವು. ಅಂದರೆ ಬಾಗಿಲು ತೆರೆದೇ ಇತ್ತು. ಕಂಪನಿಯ ಕಲೆಕ್ಟರ್ ಥಾಮಸ್ ಮನ್ರೋ ತಳವೂರಿದ ರೈತವಾರಿ ಪದ್ಧತಿಯೂ ಊರಿಗೊಬ್ಬ ಜಮೀನ್ದಾರನನ್ನು ನಡುವೆ ನಿಲ್ಲಿಸದೆ ಒಬ್ಬೊಬ್ಬ ರೈತನ ಹೆಸರಿಗೆ ಪಟ್ಟಾ ಕೊಡುವಂಥದ್ದು. ಬೇರೆ ಪಟ್ಟಾ ಪಡೆಯುವುದಕ್ಕೆ ಸರ್ಕಾರದ ತಡೆ ಇರಲಿಲ್ಲ. ಶಾಸ್ತ್ರ, ಕೋರ್ಟು, ಕಂದಾಯ ಮೂರೂ ಬಿಟ್ಟರೂ ಮಕ್ಕಳು ಹೋಗದೆ ಉಳಿದರೆಂದರೆ, ಹಿಡಿದಿಟ್ಟದ್ದು ಎತ್ತು, ತೊಲೆ, ಜೋಳ. ಹಿರಿಯನ ಮಾತಿಗೆ ಬೆಲೆ ಬಂದದ್ದು ಬಹಳ ಮಟ್ಟಿಗೆ ಹಗೇವು ಯಾವಾಗ ತೆರೆಯಬೇಕೆಂದು ಹೇಳುವವನು ಅವನೇ ಆಗಿದ್ದರಿಂದ.

ಈ ವಿಮೆ ಎಷ್ಟು ಗಟ್ಟಿ ಎಂಬ ಪರೀಕ್ಷೆ 1876-78ರ ಬರದಲ್ಲಿ ನಡೆಯಿತು. ಅದಕ್ಕೆ ಐದಾರು ವರ್ಷ ಮೊದಲು, 1871ರಲ್ಲಿ, ಮದ್ರಾಸು ಮತ್ತು ಮುಂಬಯಿಯ ರೈಲು ಹಳಿಗಳು ರಾಯಚೂರಿನಲ್ಲಿ ಕೂಡಿದ್ದವು. ಆದೋನಿ ಅದೇ ಹಾದಿಯ ಮೇಲಿದೆ. ರೈಲಿನ ಜೊತೆ ಹತ್ತಿಗೆ ದೂರದ ಗಿರಾಕಿ ಸಿಕ್ಕಿತು, ಜೋಳಕ್ಕೂ ಸಿಕ್ಕಿತು. ಮಿಕ್ಕ ಕಾಳನ್ನು ನೆಲದಲ್ಲಿ ಹೂಳುವುದಕ್ಕಿಂತ ಮಾರಿ ದುಡ್ಡು ಮಾಡುವುದು ಜಾಣತನವಾಗಿ ಕಂಡಿದ್ದರೆ ತಪ್ಪು ಹೇಳಲಾಗದು. ಆದರೆ ದುಡ್ಡನ್ನು ಉಣ್ಣಲಾಗದು, ಬರದ ವರ್ಷ ದರ ಏರಿದಾಗ ಹಿಂದಿನ ವರ್ಷದ ದುಡ್ಡಿಗೆ ಕಾಳು ಸಿಗುವುದು ಕಡಿಮೆ. ಪರಿಹಾರ ಕಾಮಗಾರಿಯ ಕೂಲಿಯನ್ನು ಬರ ನೋಡಲು ಸರ್ಕಾರ ಕಳಿಸಿದ್ದ ರಿಚರ್ಡ್ ಟೆಂಪಲ್ ದಿನಕ್ಕೆ ಒಂದು ಪೌಂಡು ಕಾಳು, ಒಂದಾಣೆಗೆ ಇಳಿಸಿದ್ದು ಈ ಸಂಕಟದ ನಡುವೆಯೇ. ಆಗ ಅನಂತಪುರವನ್ನೂ ಒಳಗೊಂಡಿದ್ದ ಬಳ್ಳಾರಿ ಜಿಲ್ಲೆಯಲ್ಲಿ 1871ರ ಜನಗಣತಿಗೂ 1881ರದಕ್ಕೂ ನಡುವೆ ಸುಮಾರು ಐದರಲ್ಲೊಂದು ಪಾಲು ಜನ ಕಡಿಮೆಯಾದರು. ಸತ್ತವರು, ಊರು ಬಿಟ್ಟು ಗುಳೆ ಹೋದವರು ಎರಡೂ ಆ ಲೆಕ್ಕದಲ್ಲಿದ್ದಾರೆ. ಒಟ್ಟು ಮನೆ ಒಂದೆರಡು ವರ್ಷದ ಮಳೆ ತಪ್ಪಿದ್ದನ್ನು ತಡೆಯಬಲ್ಲದು, ಇಡೀ ಸೀಮೆಯೇ ಬಿದ್ದಾಗ ತಡೆಯಲಾರದು. ಇದನ್ನು ಮುಚ್ಚಿಟ್ಟು ಹಳೆಯ ಕುಟುಂಬವನ್ನು ಹೊಗಳುವುದರಲ್ಲಿ ಅರ್ಥವಿಲ್ಲ.

ಹೊಲವಿಲ್ಲದವರ ಮನೆಗಳಲ್ಲಿ ಲೆಕ್ಕ ಬೇರೆ. ಎಮ್ಮಿಗನೂರಿನ ನೇಕಾರರಿಗೆ ಉಳಿಸಬೇಕಾದದ್ದು ಕೂಲಿ. ಗುಣಿಮಗ್ಗದಲ್ಲಿ ಕೂತು ನೇಯುವವನು ಒಬ್ಬನೇ ಆದರೂ ನೂಲಿಗೆ ಗಂಜಿ ಹಾಕುವುದು, ಹಾಸು ಹೂಡುವುದು, ಕಂಡಿಕೆ ಸುತ್ತುವುದು ಬೇರೆ ಕೈಗಳ ಕೆಲಸ. ಆ ಕೈ ಅವ್ವನದೋ ಹೆಂಡತಿಯದೋ ತಂಗಿಯದೋ ಆದರೆ ಕೂಲಿ ಮನೆಯಲ್ಲೇ ಉಳಿಯಿತು. ಹೊರಗಿನವರದಾದರೆ ಸೀರೆಯ ಲಾಭವೇ ಹೋಯಿತು. ಮದುವೆಯಾದ ಮಗ ಬೇರೆ ಮಗ್ಗ ಹಾಕಿದರೆ ಅವನಿಗೂ ಕಂಡಿಕೆ ಸುತ್ತುವವರು ಬೇಕು. ಮಾಚಾನಿ ಸೋಮಪ್ಪನವರು 1938ರಲ್ಲಿ ಕಟ್ಟಿದ ನೇಕಾರರ ಸಹಕಾರಿ ಸಂಘ ಈ ಗಂಟನ್ನು ಸ್ವಲ್ಪ ಸಡಿಲಿಸಿತೆಂದು ನನಗನಿಸುತ್ತದೆ. ಸಂಘ ನೂಲು ಕೊಟ್ಟು ಬಟ್ಟೆ ಕೊಳ್ಳುವಾಗ ಎಳೆಯ ನೇಕಾರ ಬಂಡವಾಳಕ್ಕಾಗಿ ಅಪ್ಪನ ಮುಖವನ್ನೋ ಸಾಹುಕಾರನ ಮುಖವನ್ನೋ ನೋಡಬೇಕಾಗಿರಲಿಲ್ಲ. ಸೋಮಪ್ಪನವರಿಗೆ 1954ರಲ್ಲಿ ಪದ್ಮಶ್ರೀ ಬಂದದ್ದು ಎಲ್ಲರಿಗೂ ಗೊತ್ತು. ಆ ಸಂಘ ಒಬ್ಬ ಮಗನಿಗೆ ಬೇರೆಯಾಗಿ ನಿಲ್ಲುವ ಸಾಧ್ಯತೆಯನ್ನೂ ಕೊಟ್ಟಿತೆಂಬುದನ್ನು ನಾವು ಎಣಿಸುವುದಿಲ್ಲ.

ಇನ್ನೊಂದು ಆಕ್ಷೇಪ ವಿದ್ವಾಂಸರದು, ಅದಕ್ಕೆ ತೂಕ ಹೆಚ್ಚು. ದೊಡ್ಡ ಕುಟುಂಬವೆಂಬುದೇ ಒಂದು ಕಲ್ಪನೆ, ಹಿಂದೆಯೂ ಸಣ್ಣ ಮನೆಗಳೇ ಬಹಳ ಇದ್ದವು ಎನ್ನುತ್ತಾರೆ. 1951ರ ಜನಗಣತಿ ಭಾರತದ ಹಳ್ಳಿಗಳಲ್ಲಿ ಮೂರರಲ್ಲೊಂದು ಮನೆ ಮೂವರು ಅಥವಾ ಅದಕ್ಕೂ ಕಡಿಮೆ ಜನರದ್ದೆಂದು ಕಂಡಿತ್ತು, ಸಮಾಜಶಾಸ್ತ್ರಜ್ಞ ಎ.ಎಂ. ಶಾ 1973ರ ತಮ್ಮ ಪುಸ್ತಕದಲ್ಲಿ ಒಟ್ಟು ಕುಟುಂಬ ಒಡೆದು ಸಣ್ಣದಾಯಿತೆಂಬ ಕತೆಯನ್ನೇ ಪ್ರಶ್ನಿಸಿದರು. ಇದನ್ನು ಒಪ್ಪುತ್ತೇನೆ. ಸರಾಸರಿ ಆಯುಷ್ಯ ಮೂವತ್ತರ ಆಚೀಚೆ ಇದ್ದ ಕಾಲದಲ್ಲಿ ಮಗ ಬೆಳೆಯುವಷ್ಟರಲ್ಲಿ ಅಪ್ಪನೇ ಇಲ್ಲದ ಮನೆಗಳು ಎಷ್ಟೋ. ಆದರೆ ಎಣಿಕೆಯಲ್ಲಿ ಸಿಗುವುದು ಒಂದು ದಿನದ ಚಿತ್ರ. ಅಪ್ಪ ಬದುಕಿದ್ದಾಗ ಮಕ್ಕಳು ಎಷ್ಟು ವರ್ಷ ಜೊತೆಗಿದ್ದರು, ಏನು ಕೂಡಿಟ್ಟ ಮೇಲೆ ಬೇರೆಯಾದರು ಎಂಬುದು ಅದರಲ್ಲಿ ಕಾಣದು. ಮೇಲಾಗಿ ಮನೆ ಎಂದರೆ ಯಾವುದೆಂದು ಹೇಳುವ ಕಾಗದಪತ್ರಗಳೇ ಜನರನ್ನು ಕೂಡಿಸಿವೆ, ಒಡೆದಿವೆ. ಆದಾಯ ತೆರಿಗೆಯ 1922ರ ಕಾಯ್ದೆ ಹಿಂದೂ ಅವಿಭಕ್ತ ಕುಟುಂಬವನ್ನು ಪ್ರತ್ಯೇಕ ತೆರಿಗೆದಾರನೆಂದು ಗುರುತಿಸಿತು. ಆದೋನಿಯಂಥ ಹತ್ತಿ ಪೇಟೆಯ ವರ್ತಕರಿಗೆ ಇದರಿಂದ ಒಂದು ದಾರಿ ಸಿಕ್ಕಿತು: ಅಣ್ಣತಮ್ಮಂದಿರ ಒಲೆ ಬೇರೆಯಾಗಿದ್ದರೂ ಲೆಕ್ಕದ ಪುಸ್ತಕದಲ್ಲಿ ಒಟ್ಟಿಗಿರಬಹುದು. ಬಡವರಿಗೆ ಸಿಕ್ಕಿದ್ದು ಉಲ್ಟಾ ದಾರಿ. ಆಂಧ್ರದ ಎನ್.ಟಿ. ರಾಮರಾವ್ ಸರ್ಕಾರ 1983ರಲ್ಲಿ ಕಿಲೋಗೆ ಎರಡು ರೂಪಾಯಿಯ ಅಕ್ಕಿ ತಂದಾಗ ತಲೆಗೆ ಐದು ಕಿಲೋ, ಒಂದು ಕಾರ್ಡಿಗೆ ಹೆಚ್ಚೆಂದರೆ ಇಪ್ಪತ್ತೈದು ಕಿಲೋ ಎಂಬ ಮಿತಿ ಇತ್ತು. ಎಂಟು ಜನರ ಮನೆ ಒಂದೇ ಕಾರ್ಡಿನಲ್ಲಿದ್ದರೆ ಹದಿನೈದು ಕಿಲೋ ಕಳೆದುಕೊಂಡಂತೆ. ಅಂಥ ಮನೆ ಕಾಗದದಲ್ಲಿ ಎರಡಾಗಿ, ಜೋಳದ ರೊಟ್ಟಿಯನ್ನು ಒಂದೇ ಹಂಚಿನ ಮೇಲೆ ಸುಟ್ಟುಕೊಂಡಿದ್ದರೆ ತಪ್ಪೇನು? ಉಳ್ಳವರಿಗೆ ಕೂಡಿರುವಂತೆ, ಇಲ್ಲದವರಿಗೆ ಬೇರೆಯಾಗುವಂತೆ ಸರ್ಕಾರವೇ ಆಸೆ ತೋರಿಸಿರುವಾಗ ಕಾರ್ಡು ಎಣಿಸಿ ಕುಟುಂಬದ ಚರಿತ್ರೆ ಬರೆಯಲಾಗದು.

ಉಳಿಸಿದ್ದು ಯಾರ ಕೈಗೆ ಹೋಯಿತೆಂಬ ಪ್ರಶ್ನೆಗೆ ಬಂದರೆ ಎರಡು ಕಾನೂನುಗಳನ್ನು ನೋಡಬೇಕು. ಮನೆಯ ದುಡ್ಡಿನಲ್ಲಿ ಓದಿ ಐಸಿಎಸ್ ಆದವನ ಸಂಪಾದನೆ ಇಡೀ ಕುಟುಂಬಕ್ಕೆ ಸೇರಿದ್ದೆಂದು ಪ್ರಿವಿ ಕೌನ್ಸಿಲ್ 1921ರಲ್ಲಿ ತೀರ್ಪು ಕೊಟ್ಟಿತ್ತು. ಓದಿದವರಿಗೆ ಇದು ಸಹ್ಯವಾಗಲಿಲ್ಲ. 1930ರಲ್ಲಿ ಬಂದ ಹಿಂದೂ ವಿದ್ಯಾರ್ಜಿತ ಗಳಿಕೆಯ ಕಾಯ್ದೆ ಅಂಥ ಗಳಿಕೆಯನ್ನು ಅವನವನದೇ ಎಂದು ಮಾಡಿತು. ಅಂದಿನಿಂದ ಅಪ್ಪನ ಮನೆಯಲ್ಲಿ ಉಂಡು, ತನ್ನ ಸಂಬಳ ತನ್ನ ಹೆಸರಿಗೆ ಇಟ್ಟುಕೊಳ್ಳುವ ಮಗ ಕಾನೂನಿನ ಕಣ್ಣಲ್ಲೂ ಸರಿಯಾದ. ಇಂದಿನ ಬಾಡಿಗೆ ಉಳಿಸುವ ಮಗನ ಮೂಲ ಇಲ್ಲಿದೆ. ಹಗೇವಿನ ಕಾಲದಲ್ಲಿ ಜೊತೆಗಿದ್ದವನು ಮನೆಗಾಗಿ ಉಳಿಸಿದ, ಇವನು ಮನೆಯಿಂದ ತನಗಾಗಿ ಉಳಿಸುತ್ತಾನೆ. ಇದನ್ನು ಸ್ವಾರ್ಥವೆಂದು ಬೈಯುವುದಕ್ಕೆ ಮುಂಚೆ ಹಳೆಯ ಏರ್ಪಾಡಿನಲ್ಲಿ ಸೊಸೆಯಂದಿರ ಪಾಲು ಎಷ್ಟಿತ್ತೆಂದು ಕೇಳಬೇಕು. ಬೀಸಿದ್ದು, ಕುಟ್ಟಿದ್ದು, ಹತ್ತಿ ಬಿಡಿಸಿದ್ದು, ಕಂಡಿಕೆ ಸುತ್ತಿದ್ದು ಅವರು. ಒಂದೇ ಒಲೆಯಿಂದ ಆದ ಉಳಿತಾಯದಲ್ಲಿ ದೊಡ್ಡ ಭಾಗ ಅವರ ಕೂಲಿಯಿಲ್ಲದ ದುಡಿಮೆ, ಅದಕ್ಕೆ ಪ್ರತಿಯಾಗಿ ತವರಿನಲ್ಲೂ ಗಂಡನ ಮನೆಯಲ್ಲೂ ಅವರಿಗೆ ಹುಟ್ಟಿನ ಹಕ್ಕಿರಲಿಲ್ಲ. ಆಂಧ್ರಪ್ರದೇಶ ಹೆಣ್ಣುಮಕ್ಕಳಿಗೆ ಆ ಹಕ್ಕು ಕೊಟ್ಟ ತಿದ್ದುಪಡಿ 1985ರ ಸೆಪ್ಟೆಂಬರ್ 5ರಿಂದ ಜಾರಿಗೆ ಬಂತು, ಕರ್ನಾಟಕದ್ದು 1994ರಲ್ಲಿ. ಎರಡರಲ್ಲೂ ಅಷ್ಟರಲ್ಲೇ ಮದುವೆಯಾದವರನ್ನು ಬಿಟ್ಟರು. ಒಂದೇ ಮಾತಾಡುವ, ಒಂದೇ ಜಾತ್ರೆಗೆ ಹೋಗುವ ಆದೋನಿ ಮತ್ತು ಕರ್ನಾಟಕದ ಕಡೆಯ ಸಿರುಗುಪ್ಪದ ಹೆಣ್ಣುಮಕ್ಕಳ ನಡುವೆ ರಾಜ್ಯದ ಗಡಿ ಒಂಬತ್ತು ವರ್ಷದ ಅಂತರ ಹಾಕಿತು. 2005ರ ಕೇಂದ್ರದ ತಿದ್ದುಪಡಿಯೇ ಅದನ್ನು ಮುಚ್ಚಬೇಕಾಯಿತು.

ಈಗ ಅಪ್ಪನ ಮನೆಯಲ್ಲಿ ಉಳಿದು ಶಿಕ್ಷಕರ ನೇಮಕದ ಡಿಎಸ್‌ಸಿಗೋ ಪೊಲೀಸ್ ಪರೀಕ್ಷೆಗೋ ಓದುತ್ತಿರುವ ಮಗಳು ಈ ಚರಿತ್ರೆಯಲ್ಲಿ ನಿಜವಾಗಿ ಹೊಸಬಳು. ಮಗ ಉಳಿಯುವುದಕ್ಕೆ ಶತಮಾನಗಳ ಹಿನ್ನೆಲೆಯಿದೆ, ಹರೆಯದ ಮಗಳು ತನ್ನ ಸಂಪಾದನೆಗಾಗಿ ತವರಿನಲ್ಲಿ ಉಳಿಯುವುದಕ್ಕೆ ಇಲ್ಲ. ನೆರೆಯವರು ಆಡಿಕೊಳ್ಳುವುದು ಅವಳನ್ನು, ಅವಳ ಅಣ್ಣನನ್ನಲ್ಲ. ಇವಳಿಗೆ ಬೆಂಬಲವಾಗಿ ನಿಲ್ಲುವ ಮನೆಗಳನ್ನು ನಾನು ಮೆಚ್ಚುತ್ತೇನೆ. ಹಳೆಯ ಏರ್ಪಾಡು ಎಂದೂ ಕೊಡದ ಪಾಲನ್ನು ಅವು ಕೊಡುತ್ತಿವೆ. ಕೋಸಿಗಿ, ಕೌತಾಳ, ಹೊಳಗುಂದದ ಕಡೆಯ ಕೂಲಿ ಮನೆಗಳಲ್ಲಿ ನಡೆಯುತ್ತಿರುವುದು ಮತ್ತೊಂದು. ಸುಗ್ಗಿ ಮುಗಿದು ಕೆಲಸ ನಿಂತ ಮೇಲೆ ಹರೆಯದ ಗಂಡಹೆಂಡತಿ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೋ ಬೆಂಗಳೂರು, ಹೈದರಾಬಾದಿನ ಕಟ್ಟಡ ಕೆಲಸಕ್ಕೋ ಗುಳೆ ಹೋಗುತ್ತಾರೆ, ಶಾಲೆಗೆ ಹೋಗುವ ಮಕ್ಕಳನ್ನು ಮುದುಕರ ಬಳಿ ಬಿಡುತ್ತಾರೆ, ಇಲ್ಲವೇ ಸರ್ಕಾರದ ಋತುಮಾನದ ಹಾಸ್ಟೆಲಿಗೆ ಸೇರಿಸುತ್ತಾರೆ. ಇಲ್ಲಿಯೂ ಮನೆ ಒಟ್ಟಿಗೇ ಇದೆ, ಅರ್ಧ ವರ್ಷ ಎರಡು ಊರಲ್ಲಿ. ದುಡಿಯುವ ಮಗ ತಂದ ದುಡ್ಡು ಕೂಲಿಗೆಂದು ಮೊದಲೇ ಪಡೆದ ಮುಂಗಡ ತೀರಿಸುವುದಕ್ಕೇ ಹೋದ ತಿಂಗಳುಗಳಲ್ಲಿ ಆ ಮನೆಯಲ್ಲಿ ತಪ್ಪದೆ ಬರುವ ಹಣ ಮುದುಕ ಅಪ್ಪನ ಪಿಂಚಣಿ, 2024ರ ಜುಲೈಯಿಂದ ತಿಂಗಳಿಗೆ ನಾಲ್ಕು ಸಾವಿರ. ಎಣ್ಣೆ, ಬೇಳೆ, ಮೊಮ್ಮಗಳ ನೋಟುಪುಸ್ತಕ ಬರುವುದು ಅದರಿಂದ. ಮಕ್ಕಳು ಹೆತ್ತವರನ್ನು ಸಾಕುತ್ತಾರೆಂಬ ಮಾತನ್ನು ಅಲ್ಲಿ ಹಾಗೆಯೇ ಹೇಳಲು ಬರುವುದಿಲ್ಲ, ಹೆತ್ತವರ ಮೇಲೆ ಮಕ್ಕಳು ಭಾರವಾಗಿದ್ದಾರೆಂದೂ ಹೇಳಲು ಬರುವುದಿಲ್ಲ. ಅಪ್ಪ ಹಾಸಿಗೆ ಹಿಡಿದರೆ ಸೊಸೆ ಗುಂಟೂರಿನ ಕೆಲಸ ಬಿಟ್ಟು ಬರಬೇಕು, ಅವಳ ದಿನಗೂಲಿ ಅಷ್ಟಕ್ಕೆ ನಿಲ್ಲುತ್ತದೆ. ಅವನು ತೀರಿಕೊಂಡರೆ ಪಿಂಚಣಿಯ ಜೊತೆಗೆ ಮಕ್ಕಳನ್ನು ನೋಡಿಕೊಳ್ಳುವ ಕೈಯೂ ಹೋಗಿ, ಮೊಮ್ಮಗಳು ಶಾಲೆ ಬಿಟ್ಟು ಗುಳೆ ಹೋಗುವ ತನ್ನ ಹೆತ್ತವರ ಹಿಂದೆ ಹೊರಡುತ್ತಾಳೆ.